ನಗರದ ಕಾರ್ಮಿಕ ಹೋರಾಟಗಳ ಇತಿಹಾಸ ಉಳಿಸುವುದು, ಹಂಚುವುದು ಹೇಗೆ? ಬೆಂಗಳೂರನ್ನು ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಈಗ ಮಾಲ್ ಇರುವ ಕಡೆ ಮೊದಲು ರಾಜಾ ಮಿಲ್ ಇತ್ತು. ಬಿನ್ನಿಪೇಟೆಯಲ್ಲಿ ಬಿನ್ನಿ ಮಿಲ್ ಇದ್ದ ನೆಲದ ಮೇಲೆ ಅಪಾರ್ಟ್‌ಮೆಂಟುಗಳು ಎದ್ದಿವೆ. ಎಚ್‌ಎಂಟಿ ವಾಚ್ ಕಂಪನಿ ಮುಚ್ಚುವುದಕ್ಕೆ ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಕಟ್ಟಡ ಹೋದರೆ ಎಲ್ಲರಿಗೂ ಗೊತ್ತಾಗುತ್ತದೆ. ಅದರೊಳಗೆ ದುಡಿದವರು ಸಂಬಳಕ್ಕೆ, ಮರ್ಯಾದೆಗೆ, ಕೆಲಸದ ಭದ್ರತೆಗೆ ಹೇಗೆ ಹೋರಾಡಿದರು ಅನ್ನುವುದು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ.

1980ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಎಂಬ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ಒಟ್ಟಿಗೆ ಮುಷ್ಕರ ಹೂಡಿದರು. ಇನ್ನೊಂದು ಸಾರ್ವಜನಿಕ ಉದ್ದಿಮೆಯಾದ ಬಿಎಚ್‌ಇಎಲ್‌ನವರಿಗೆ ಸಮನಾದ ಸಂಬಳ ಕೊಡಿ ಅನ್ನುವುದು ಮುಖ್ಯ ಬೇಡಿಕೆ. ಸುಮಾರು 1.25 ಲಕ್ಷ ಜನ 77 ದಿನ ಕೆಲಸಕ್ಕೆ ಹೋಗಲಿಲ್ಲ. ಆಗ 25ರ ಹರೆಯದಲ್ಲಿದ್ದವರಿಗೆ ಈಗ 70ರ ಆಚೆಈಚೆ. ಅವರ ಮಾತು ಕೇಳಿಸಿಕೊಳ್ಳುವುದಕ್ಕೆ ಉಳಿದಿರುವ ಕಾಲ ಕಮ್ಮಿ. ಹಾಗಾಗಿ "ಯಾರಾದರೂ ಸಂಶೋಧಕರು ಮಾಡ್ತಾರೆ ಬಿಡಿ" ಎಂದು ಕೂರುವ ಹಾಗಿಲ್ಲ. ಒಂದು ಫೋನು, ಒಂದು ನೋಟ್‌ಬುಕ್ಕು, ಇಬ್ಬರು ಮೂವರು ಗೆಳೆಯರು ಇದ್ದರೆ ಈ ಕೆಲಸ ಶುರು ಮಾಡಬಹುದು.

ಈ ಮಾರ್ಗದರ್ಶಿಯುದ್ದಕ್ಕೂ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಮುಷ್ಕರದ ಇತಿಹಾಸ ಫ್ಯಾಕ್ಟರಿ ಗೇಟಿನಲ್ಲಿ ಅರ್ಧ ಇದ್ದರೆ, ಕಾರ್ಮಿಕರ ಮನೆಯೊಳಗೆ ಇನ್ನರ್ಧ ಇದೆ. ಸಂಬಳವಿಲ್ಲದ 77 ದಿನ ಮನೆ ನಡೆಸಿದವರು ಯಾರು, ಹೇಗೆ? ಗೇಟಿನ ಮುಂದಿನ ಭಾಷಣಗಳು ಅಲ್ಲಿ ಇಲ್ಲಿ ಅಚ್ಚಾಗಿವೆ. ಈ ಮನೆಯ ಲೆಕ್ಕ ಎಲ್ಲೂ ಅಚ್ಚಾಗಿಲ್ಲ. ಅದನ್ನೇ ಮೊದಲು ಹಿಡಿಯಿರಿ.

ಹಂತ 1: ಒಂದೇ ಹೋರಾಟ ಆರಿಸಿಕೊಳ್ಳಿ

"ಬೆಂಗಳೂರಿನ ಕಾರ್ಮಿಕ ಚಳವಳಿಯ ಇತಿಹಾಸ" ಎಂದು ಶುರು ಮಾಡಿದರೆ ಆರು ತಿಂಗಳಲ್ಲಿ ಕೈಚೆಲ್ಲುತ್ತೀರಿ. ಒಂದು ಕಾರ್ಖಾನೆ, ಒಂದು ಮುಷ್ಕರ, ಒಂದು ಬಡಾವಣೆ, ಇಷ್ಟು ಸಾಕು. ನಿಮ್ಮ ಮನೆಯವರೋ ನೆಂಟರೋ ದುಡಿದ ಜಾಗವಾದರೆ ಇನ್ನೂ ಒಳ್ಳೆಯದು, ಬಾಗಿಲು ಬೇಗ ತೆರೆಯುತ್ತದೆ.

ಬೆಂಗಳೂರಿನಲ್ಲಿ ವಿಷಯಕ್ಕೆ ಬರವಿಲ್ಲ. 19ನೇ ಶತಮಾನದ ಕೊನೆಯಲ್ಲಿ ಬಂದ ಬಟ್ಟೆ ಗಿರಣಿಗಳಿವೆ. ಮೇಲೆ ಹೇಳಿದ ಸಾರ್ವಜನಿಕ ಉದ್ದಿಮೆಗಳ ಮುಷ್ಕರವಿದೆ. ಪೌರಕಾರ್ಮಿಕರು ಗುತ್ತಿಗೆ ಪದ್ಧತಿಯ ವಿರುದ್ಧ ವರ್ಷಗಟ್ಟಲೆ ನಡೆಸಿದ ಹೋರಾಟವಿದೆ.

ಗಾರ್ಮೆಂಟ್ಸ್ ಹೆಣ್ಣುಮಕ್ಕಳ 2016ರ ಏಪ್ರಿಲ್ ಹೋರಾಟವೂ ಇದೆ. ಆ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತ್ತು. ಮಾಲೀಕರ ಪಾಲಿನ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಎಂದಿತು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಹೊಸೂರು ರಸ್ತೆ, ಮೈಸೂರು ರಸ್ತೆ, ಪೀಣ್ಯದ ಕಡೆ ಬೀದಿಗಿಳಿದರು. ಯಾವ ದೊಡ್ಡ ಸಂಘಟನೆಯೂ ಕರೆ ಕೊಟ್ಟಿರಲಿಲ್ಲ. 19ರಂದೇ ಸರ್ಕಾರ ಆ ನಿಯಮ ವಾಪಸ್ ಪಡೆಯಿತು. ದೇಶದ ಎಲ್ಲ ಪಿಎಫ್ ಚಂದಾದಾರರಿಗೂ ಇದರ ಲಾಭ ಸಿಕ್ಕಿತು. ಎರಡೇ ದಿನದ ಘಟನೆ, ಆದರೆ ಒಂದು ಪುಸ್ತಕಕ್ಕೆ ಆಗುವಷ್ಟು ವಿಷಯ ಅದರಲ್ಲಿದೆ.

ಸಣ್ಣದು ಎಂದು ಯಾವುದನ್ನೂ ಬಿಡಬೇಡಿ. ಬೆಂಗಳೂರು ಜಲಮಂಡಳಿಯ ಕೆಲವು ನೌಕರರಿಗೆ ದಂಡ ಹಾಕಿ ಹಣ ಹಿಡಿದುಕೊಂಡರು. ನೌಕರರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ಮಂಡಳಿ, "ನಾವು ಉದ್ದಿಮೆಯೇ ಅಲ್ಲ, ಈ ಕಾನೂನು ನಮಗೆ ಅನ್ವಯಿಸಲ್ಲ" ಎಂದು ವಾದಿಸಿತು. ಅದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದವರೆಗೆ ಹೋಯಿತು. 1978ರ ಆ ತೀರ್ಪು, ಎ. ರಾಜಪ್ಪ ಪ್ರಕರಣ, ಆಸ್ಪತ್ರೆ, ವಿಶ್ವವಿದ್ಯಾಲಯಗಳ ನೌಕರರಿಗೂ ಕಾರ್ಮಿಕ ಕಾನೂನಿನ ರಕ್ಷಣೆ ಸಿಗುವ ಹಾಗೆ ಮಾಡಿತು. ಶುರುವಾಗಿದ್ದು ನಮ್ಮೂರಿನ ನೀರಿನ ಬೋರ್ಡಿನ ಒಂದು ದಂಡದಿಂದ.

ಹಂತ 2: ಜನರ ಹತ್ತಿರ ಹೋಗುವ ಮೊದಲು ದಿನಾಂಕಗಳ ಪಟ್ಟಿ

ಏನೂ ಓದದೆ ಹೋಗಿ "ಮುಷ್ಕರದ ಬಗ್ಗೆ ಹೇಳಿ" ಅಂದರೆ ಎದುರಿಗಿದ್ದವರಿಗೂ ಎಲ್ಲಿಂದ ಶುರು ಮಾಡಬೇಕು ಎಂದು ತೋಚುವುದಿಲ್ಲ. ಮೊದಲು ಒಂದೆರಡು ವಾರ ಪತ್ರಿಕೆಗಳ ಜೊತೆ ಕೂರಿ. ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳನ್ನು ಕೇಳಿ. ಪ್ರಜಾವಾಣಿ 1948ರಿಂದ ಬರುತ್ತಿದೆ. ಅದಕ್ಕೂ ಹಿಂದಿನ ಕಾಲಕ್ಕೆ ತಾಯಿನಾಡು ಥರದ ಪತ್ರಿಕೆಗಳನ್ನು ನೋಡಬೇಕು. ಮುಖಪುಟಕ್ಕಿಂತ ಒಳಪುಟಗಳ ಸಣ್ಣ ಸುದ್ದಿ ಜಾಸ್ತಿ ಉಪಯೋಗಕ್ಕೆ ಬರುತ್ತದೆ: "ಕಾರ್ಮಿಕರ ಸಭೆ", "ನಿಷೇಧಾಜ್ಞೆ", "ಮಾತುಕತೆ ವಿಫಲ". ಜಾಹೀರಾತುಗಳನ್ನೂ ಬಿಡಬೇಡಿ. ಆಡಳಿತ ಮಂಡಳಿಗಳು "ಕೆಲಸಕ್ಕೆ ಮರಳಿ" ಎಂದು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡುವುದುಂಟು. ಅದರ ಭಾಷೆಯೇ ಒಂದು ದಾಖಲೆ.

ಮೈಸೂರು ಸಂಸ್ಥಾನದ ಕಾಲದ ವಿಷಯವಾದರೆ ರಾಜ್ಯ ಪತ್ರಾಗಾರ ಇಲಾಖೆಗೆ ಹೋಗಲೇಬೇಕು. ಅಲ್ಲಿ ಕಡತಗಳು ಇಲಾಖೆವಾರು ಇರುತ್ತವೆ, "ಕಾರ್ಮಿಕ ಹೋರಾಟ" ಎಂದು ಯಾರೂ ಬೇರೆಯಾಗಿ ಕಟ್ಟಿಟ್ಟಿರುವುದಿಲ್ಲ. ಪೊಲೀಸ್, ಕೈಗಾರಿಕೆ, ನಗರಸಭೆ, ಹೀಗೆ ಬೇರೆ ಬೇರೆ ಕಟ್ಟುಗಳಲ್ಲಿ ಹುಡುಕಿ. ಪೊಲೀಸ್ ವರದಿ ಓದುವಾಗ ಅದು ಯಾರ ಕಣ್ಣಿನಿಂದ ಬರೆದದ್ದು ಅನ್ನುವುದು ನೆನಪಿರಲಿ. ಆದರೂ ಯಾವ ಮೈದಾನದಲ್ಲಿ ಸಭೆ ನಡೆಯಿತು, ಯಾರು ಮಾತಾಡಿದರು ಅನ್ನುವ ವಿವರ ಎಷ್ಟೋ ಸಲ ಅಲ್ಲಿ ಮಾತ್ರ ಸಿಗುತ್ತದೆ.

ಸ್ವಾತಂತ್ರ್ಯಾನಂತರದ ಹೋರಾಟಗಳಿಗೆ ಕಾನೂನಿನ ಕಾಗದಗಳೇ ದೊಡ್ಡ ಗಣಿ. ಕಾರ್ಮಿಕ ಮುಖಂಡರ ಬಾಯಲ್ಲಿ "ಟ್ವೆಲ್ವ್ ತ್ರೀ ಸೆಟ್ಲ್‌ಮೆಂಟ್" ಎಂಬ ಮಾತು ಬರುತ್ತಲೇ ಇರುತ್ತದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ 12(3)ನೇ ಕಲಮಿನಡಿ, ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಆಡಳಿತ ಮಂಡಳಿಯೂ ಸಂಘವೂ ಸಹಿ ಹಾಕುತ್ತಿದ್ದ ಒಪ್ಪಂದ ಅದು. ಯಾವ ವರ್ಷ ತುಟ್ಟಿಭತ್ಯೆ ಎಷ್ಟಾಯಿತು, ಕ್ಯಾಂಟೀನ್ ಸಿಕ್ಕಿದ್ದು ಯಾವಾಗ, ಯಾರನ್ನು ಕೆಲಸಕ್ಕೆ ವಾಪಸ್ ತೆಗೆದುಕೊಂಡರು, ಎಲ್ಲ ಅದರಲ್ಲಿರುತ್ತದೆ. ಸಂಘದ ಕಚೇರಿಯಲ್ಲಿ ಪ್ರತಿ ಸಿಗದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿ. ಕಾರ್ಮಿಕ ನ್ಯಾಯಾಲಯ, ಕೈಗಾರಿಕಾ ನ್ಯಾಯಮಂಡಳಿಗಳ ಐತೀರ್ಪುಗಳು ಪ್ರಕಟವಾಗಬೇಕು ಎಂದು ಅದೇ ಕಾಯ್ದೆ ಹೇಳುತ್ತಿತ್ತು. ಹಾಗಾಗಿ ಹಳೆಯ ರಾಜ್ಯಪತ್ರದ (ಗೆಜೆಟ್) ಸಂಪುಟಗಳನ್ನೂ ತಿರುವಿ ಹಾಕಿ. 1926ರ ಟ್ರೇಡ್ ಯೂನಿಯನ್ ಕಾಯ್ದೆಯಡಿ ನೋಂದಾಯಿಸಿದ ಸಂಘಗಳು ಪ್ರತಿ ವರ್ಷ ಸದಸ್ಯರ ಸಂಖ್ಯೆ, ಲೆಕ್ಕಪತ್ರ ಸಲ್ಲಿಸಬೇಕಿತ್ತು. ಅವನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. "ಎಲ್ಲ ದಾಖಲೆ ಕೊಡಿ" ಎಂದು ಬರೆದರೆ ಏನೂ ಬರುವುದಿಲ್ಲ. ಸಂಘದ ಹೆಸರು, ನೋಂದಣಿ ಸಂಖ್ಯೆ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಇಷ್ಟನ್ನೂ ಖಚಿತವಾಗಿ ಬರೆಯಿರಿ.

ತೀರ್ಪುಗಳನ್ನು ಓದುವಾಗ ಒಂದು ವಿಷಯ ನನ್ನನ್ನು ಯಾವಾಗಲೂ ಕಾಡುತ್ತದೆ. ಕಾನೂನು ಓದಿದವರಿಗೆಲ್ಲ 1980ರ ಮಿನರ್ವ ಮಿಲ್ಸ್ ತೀರ್ಪು ಬಾಯಿಪಾಠ. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸುವ ಹಾಗಿಲ್ಲ ಎಂದು ಮತ್ತೆ ಸಾರಿದ ತೀರ್ಪು ಅದು. ಆ ಮಿಲ್ ಇದ್ದದ್ದು ಬೆಂಗಳೂರಿನ ಮಾಗಡಿ ರಸ್ತೆಯ ಕಡೆ, ರೈಲ್ವೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ. ಸರ್ಕಾರ ಅದನ್ನು ವಹಿಸಿಕೊಂಡಾಗ ಒಳಗೆ ಮಗ್ಗ ನಡೆಸುತ್ತಿದ್ದವರ ಬದುಕು ಏನಾಯಿತು? ತೀರ್ಪಿನ ನೂರಾರು ಪುಟಗಳಲ್ಲಿ ಅದಕ್ಕೆ ಉತ್ತರ ಇಲ್ಲ. ಮನೆಮನೆಗೆ ಹೋಗಬೇಕಾದ್ದು ಇದಕ್ಕೇ.

ಹಂತ 3: ಜನ ಎಲ್ಲಿ ಸಿಗುತ್ತಾರೆ

ಸಂಘದ ಕಚೇರಿಯಿಂದ ಶುರು ಮಾಡಿ, ಆದರೆ ಅಲ್ಲೇ ನಿಲ್ಲಬೇಡಿ. ಅಲ್ಲಿ ಸಿಗುವುದು ಹೆಚ್ಚಾಗಿ ಪದಾಧಿಕಾರಿಗಳು. ಇಪಿಎಸ್ 95 (1995ರ ನೌಕರರ ಪಿಂಚಣಿ ಯೋಜನೆ) ಪಿಂಚಣಿದಾರರು ಅಲ್ಲಲ್ಲಿ ಸಭೆ ಸೇರುತ್ತಾರೆ, ಅಲ್ಲಿಗೆ ಹೋಗಿ. ನಿವೃತ್ತ ನೌಕರರ ಸಂಘ, ಕಾರ್ಖಾನೆಯ ಸಹಕಾರ ಸಂಘ, ಕ್ಯಾಂಟೀನ್ ನೌಕರರು, ಹತ್ತಿರದ ಟೀ ಅಂಗಡಿ, ಹೀಗೆ ಒಂದೊಂದೇ ಎಳೆ ಹಿಡಿಯಿರಿ. ಸಾರ್ವಜನಿಕ ಉದ್ದಿಮೆಗಳ ಕನ್ನಡ ಸಂಘಗಳನ್ನು ಮರೆಯಬಾರದು. ರಾಜ್ಯೋತ್ಸವಕ್ಕೆ ತಂದ ಸ್ಮರಣ ಸಂಚಿಕೆಗಳಲ್ಲಿ ಕಾರ್ಮಿಕರೇ ಬರೆದ ಕವನ, ಪ್ರಬಂಧ, ನಾಟಕದ ಫೋಟೋಗಳು ಇರುತ್ತವೆ. ಲೇತ್ ಮೇಲೆ ಕೆಲಸ ಮಾಡಿ ಸಂಜೆ ನಾಟಕದ ತಾಲೀಮು ಮಾಡಿದವರ ಲೋಕ ಅದು.

ಯಾರನ್ನು ಬಿಟ್ಟಿದ್ದೀರಿ ಎಂದು ಆಗಾಗ ಕೇಳಿಕೊಳ್ಳಿ. ಕಾಯಂ ಆಗದ ಕ್ಯಾಶುಯಲ್‌ಗಳು, ಗುತ್ತಿಗೆಯವರು, ಗುಡಿಸುವವರು ಸಾಮಾನ್ಯವಾಗಿ ಸಂಘದ ಫೋಟೋದಲ್ಲಿ ಇರುವುದಿಲ್ಲ. ಮುಷ್ಕರದ ಸಮಯದಲ್ಲಿ ಕೆಲಸಕ್ಕೆ ಹೋದವರನ್ನೂ ಹುಡುಕಿ. ಅವರಿಗೂ ಒಂದು ಕಾರಣ ಇತ್ತು. ಮನೆಯಲ್ಲಿ ಕಾಯಿಲೆಯೋ, ಸಾಲವೋ, ಭಯವೋ. ಅವರನ್ನು ಬೈಯುವುದಕ್ಕಲ್ಲ, ಆ ದಿನಗಳ ಒತ್ತಡ ಎಷ್ಟಿತ್ತು ಎಂದು ತಿಳಿಯುವುದಕ್ಕೆ ಅವರ ಮಾತು ಬೇಕು.

ಭಾಷೆಯ ವಿಷಯದಲ್ಲೂ ಎಚ್ಚರ. ಬೆಂಗಳೂರಿನ ಮಿಲ್ ಕಾರ್ಮಿಕರಲ್ಲಿ ತಮಿಳು ಮನೆಮಾತಿನವರು ತುಂಬ ಜನ. ಪೌರಕಾರ್ಮಿಕರಲ್ಲಿ ತೆಲುಗಿನವರು ಬಹಳ. ದಖ್ಖನಿ ಮಾತಾಡುವವರೂ ಇದ್ದಾರೆ. ಗಾರ್ಮೆಂಟ್ಸ್‌ನಲ್ಲಿ ಈಗ ಒಡಿಶಾ, ಜಾರ್ಖಂಡ್‌ನಿಂದ ಬಂದವರೂ ಇದ್ದಾರೆ. ಕನ್ನಡದಲ್ಲಿ ಕೇಳಿದರೆ ಅವರು ಕನ್ನಡದಲ್ಲೇ ಉತ್ತರ ಕೊಡುತ್ತಾರೆ, ಆದರೆ ಮಾತು ಚುಟುಕಾಗುತ್ತದೆ. ಆ ಭಾಷೆ ಬಲ್ಲವರೊಬ್ಬರು ತಂಡದಲ್ಲಿ ಇರಲಿ.

ಹಂತ 4: ಮಾತು ದಾಖಲಿಸುವುದು

ಇದೇ ಈ ಕೆಲಸದ ಜೀವಾಳ. ಸಮಯ ಜಾಸ್ತಿ ಕೊಡಿ.

ಮೊದಲ ಭೇಟಿಯಲ್ಲಿ ರೆಕಾರ್ಡ್ ಮಾಡಬೇಡಿ. ಹೋಗಿ, ಪರಿಚಯ ಮಾಡಿಕೊಳ್ಳಿ, ಏನು ಮಾಡುತ್ತಿದ್ದೀರಿ, ಯಾಕೆ ಎಂದು ಹೇಳಿ ಬನ್ನಿ. ಎರಡನೇ ಸಲ ಹೋಗುವಾಗ ಒಪ್ಪಿಗೆ ಪತ್ರ ಇರಲಿ. ಅದು ಒಂದು ಪುಟ ದಾಟಬಾರದು, ಅರ್ಥವಾಗುವ ಕನ್ನಡದಲ್ಲಿರಬೇಕು. ಅದರಲ್ಲಿ ಇಷ್ಟು ಕೇಳಿ: ಮಾತು ರೆಕಾರ್ಡ್ ಮಾಡಬಹುದೇ? ಹೆಸರು ಹಾಕಬಹುದೇ, ಬೇಡವೇ? ಎಲ್ಲರಿಗೂ ಕೇಳಿಸಬಹುದೇ, ಅಥವಾ ಇಷ್ಟು ವರ್ಷ ಆದ ಮೇಲೆಯೇ? ಮನಸ್ಸು ಬದಲಾದರೆ ತೆಗೆಸಲು ಯಾರನ್ನು ಕೇಳಬೇಕು? ಓದಲು ಬಾರದವರಿಗೆ ಪತ್ರವನ್ನು ಓದಿ ಹೇಳಿ, ಅವರು "ಹೂಂ" ಎಂದದ್ದನ್ನೂ ರೆಕಾರ್ಡ್ ಮಾಡಿಕೊಳ್ಳಿ. ರೆಕಾರ್ಡಿಂಗಿನ ಒಂದು ಪ್ರತಿ ಅವರಿಗೆ ಸೇರಬೇಕು, ಇದರಲ್ಲಿ ರಾಜಿ ಬೇಡ.

ಫೋನಿನಲ್ಲೇ ರೆಕಾರ್ಡ್ ಮಾಡಬಹುದು. ಏರೋಪ್ಲೇನ್ ಮೋಡ್‌ಗೆ ಹಾಕಿ. ಸಾಧ್ಯವಾದರೆ ಕಾಲರಿಗೆ ಸಿಕ್ಕಿಸುವ ಮೈಕ್ ಕೊಳ್ಳಿ. ಫ್ಯಾನ್ ಆರಿಸಲು ಕೇಳಿ, ಅಡುಗೆಮನೆಯಲ್ಲಿ ಕುಕ್ಕರ್ ಕೂಗುವ ಹೊತ್ತು ತಪ್ಪಿಸಿ. ಡಬ್ಲ್ಯುಎವಿ ಫೈಲ್ ಆಗಿ, 48 ಕಿಲೋಹರ್ಟ್ಸ್‌ನಲ್ಲಿ ಉಳಿಸುವ ಆ್ಯಪ್ ಹಾಕಿಕೊಂಡರೆ ಮುಂದೆ ಎಲ್ಲಕ್ಕೂ ಬರುತ್ತದೆ. ಶುರುವಿನಲ್ಲಿ ದಿನಾಂಕ, ಜಾಗ, ಯಾರ ಜೊತೆ ಮಾತು ಎಂದು ನೀವೇ ಹೇಳಿ.

ಮುಷ್ಕರದಿಂದ ಪ್ರಶ್ನೆ ಶುರು ಮಾಡಬೇಡಿ. ಯಾವ ಊರು, ಬೆಂಗಳೂರಿಗೆ ಯಾವಾಗ ಬಂದಿರಿ, ಕೆಲಸ ಯಾರು ಕೊಡಿಸಿದರು, ಮೊದಲ ಸಂಬಳ ಎಷ್ಟು, ಇಲ್ಲಿಂದ ಹಿಡಿಯಿರಿ. ಟೋಕನ್ ನಂಬರ್, ಅಂದರೆ ಕಾರ್ಖಾನೆಯಲ್ಲಿ ಅವರಿಗೆ ಕೊಟ್ಟಿದ್ದ ಗುರುತಿನ ಸಂಖ್ಯೆ, ಕೇಳಿ. ಎಷ್ಟು ವರ್ಷ ಕಳೆದಿದ್ದರೂ ಅದು ನಾಲಿಗೆಯ ತುದಿಯಲ್ಲೇ ಇರುತ್ತದೆ, ಅಲ್ಲಿಂದ ಮಾತು ತಾನಾಗಿ ಹರಿಯುತ್ತದೆ. ಒಂದು ಹಾಳೆ ಕೊಟ್ಟು ಗೇಟ್, ಟೈಮ್ ಆಫೀಸ್, ಡಿಪಾರ್ಟ್‌ಮೆಂಟ್, ಕ್ಯಾಂಟೀನ್ ಎಲ್ಲೆಲ್ಲಿತ್ತು ಎಂದು ಬರೆದು ತೋರಿಸಲು ಹೇಳಿ. ಕೈ ಬರೆಯುತ್ತಿದ್ದ ಹಾಗೆ ಮರೆತದ್ದೆಲ್ಲ ನೆನಪಾಗುತ್ತದೆ.

"ಮುಷ್ಕರ ಹೇಗಿತ್ತು ಸಾರ್?" ಅಂದರೆ "ಬಹಳ ಚೆನ್ನಾಗಿ ನಡೀತು, ಎಲ್ಲರೂ ಒಗ್ಗಟ್ಟಾಗಿದ್ವಿ" ಎಂಬ ಉತ್ತರ ಬರುತ್ತದೆ, ಅಲ್ವಾ? ಅದೇ 1980–81ರ ಮುಷ್ಕರದ ಬಗ್ಗೆ, "ಆ ವರ್ಷ ಸಂಕ್ರಾಂತಿಗೆ ಮನೇಲಿ ಎಳ್ಳು ಬೆಲ್ಲ ಮಾಡಿದ್ರಾ?" ಎಂದು ಕೇಳಿ ನೋಡಿ. ಮುಷ್ಕರ ಶುರುವಾಗಿ ಮೂರು ವಾರವಾಗುವಷ್ಟರಲ್ಲಿ ಹಬ್ಬ ಬಂದಿತ್ತು. ಕೈಯಲ್ಲಿ ಸಂಬಳ ಇರಲಿಲ್ಲ. ಈ ಒಂದು ಪ್ರಶ್ನೆಗೆ ಮನೆಯವರೆಲ್ಲ ಮಾತಾಡುತ್ತಾರೆ. ಅಕ್ಕಿ ಎಲ್ಲಿಂದ ಬಂತು, ಅಂಗಡಿಯವರು ಎಷ್ಟು ದಿನ ಸಾಲ ಕೊಟ್ಟರು, ಯಾವ ಒಡವೆ ಗಿರವಿ ಅಂಗಡಿಗೆ ಹೋಯಿತು, ಅದು ವಾಪಸ್ ಬಂತೋ ಇಲ್ಲವೋ, ಸ್ಕೂಲ್ ಫೀಸ್ ಹೇಗಾಯಿತು, ಬಾಡಿಗೆ ಕೇಳಲು ಮನೆ ಮಾಲೀಕರು ಬಂದಾಗ ಬಾಗಿಲು ತೆರೆದವರು ಯಾರು. ಹಳೆಯ ಗಿರವಿ ರಸೀದಿ ಯಾರಾದರೂ ಇಟ್ಟುಕೊಂಡಿದ್ದರೆ ಅದು ಸಂಘದ ಕರಪತ್ರದಷ್ಟೇ ಬೆಲೆಬಾಳುವ ದಾಖಲೆ.

ಹೆಂಗಸರ ಜೊತೆ ಬೇರೆಯಾಗಿ ಕೂರಿ. ಗಂಡ ಎದುರಿಗಿದ್ದರೆ "ನನಗೇನು ಗೊತ್ತು, ಅವರನ್ನೇ ಕೇಳಿ" ಎನ್ನುವವರು, ಒಬ್ಬರೇ ಇದ್ದಾಗ ಗಂಟೆಗಟ್ಟಲೆ ಮಾತಾಡುತ್ತಾರೆ. ಅಕ್ಕಪಕ್ಕದ ಮನೆಯ ಇಬ್ಬರು ಮೂವರನ್ನು ಒಟ್ಟಿಗೆ ಕೂರಿಸಿದರೆ ಇನ್ನೂ ಒಳ್ಳೆಯದು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಎತ್ತುತ್ತಾರೆ, "ಇಲ್ಲಕ್ಕ, ಅವತ್ತಲ್ಲ, ಅದರ ಮಾರನೇ ದಿನ" ಎಂದು ತಿದ್ದುತ್ತಾರೆ. ಗಾರ್ಮೆಂಟ್ಸ್ ಹೆಂಗಸರಿಗೆ ಭಾನುವಾರ ಬಿಟ್ಟರೆ ಬಿಡುವಿಲ್ಲ. ಆ ದಿನವೂ ಬಟ್ಟೆ ಒಗೆಯುವ, ವಾರದ ಸಾಮಾನು ತರುವ ಕೆಲಸ ಇರುತ್ತದೆ. ಅವರ ಹೊತ್ತಿಗೆ ನೀವು ಹೊಂದಿಕೊಳ್ಳಿ.

ಒಂದೂವರೆ ಗಂಟೆ ಆದ ಮೇಲೆ ನಿಲ್ಲಿಸಿ, ವಯಸ್ಸಾದವರು ದಣಿಯುತ್ತಾರೆ. ಗೋಲಿಬಾರ್, ಜೈಲು, ಆತ್ಮಹತ್ಯೆ, ಕೆಲಸ ಕಳೆದುಕೊಂಡದ್ದು, ಇಂಥ ವಿಷಯ ಬಂದಾಗ ಕೆದಕಬೇಡಿ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ.

ಹಂತ 5: ಕಾಗದ, ಫೋಟೋ, ಬ್ಯಾನರ್

ಮಾತಿನ ಕೊನೆಗೆ "ಆಗಿನ ಕಾಗದ ಪತ್ರ ಏನಾದರೂ ಇದ್ಯಾ?" ಎಂದು ಕೇಳಿ. "ಏನೂ ಇಲ್ಲ" ಎನ್ನುತ್ತಾರೆ. ಆಮೇಲೆ ಹೆಸರು ಹಿಡಿದು ಕೇಳಿ: ಗೇಟ್ ಪಾಸ್, ಇಎಸ್‌ಐ ಕಾರ್ಡು, ಸಂಬಳದ ಚೀಟಿ, ಚಾರ್ಜ್‌ಶೀಟ್, ಸಸ್ಪೆನ್ಷನ್ ಆರ್ಡರ್, ಸಂಘದ ಚಂದಾ ರಸೀದಿ, ಡೈರಿ, ಮೇ ದಿನದ ಗ್ರೂಪ್ ಫೋಟೋ. ಆಗ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ.

ಸೈಕ್ಲೋಸ್ಟೈಲ್ ಮಾಡಿದ (ಸ್ಟೆನ್ಸಿಲ್‌ನಿಂದ ಪ್ರತಿ ತೆಗೆದ) ಹಳೆಯ ಕರಪತ್ರಗಳ ಕಾಗದ ತುಂಬ ಕಳಪೆ. ಮಡಿಕೆಯಲ್ಲಿ ಮುಟ್ಟಿದರೆ ಮುರಿಯುತ್ತದೆ. ತುಕ್ಕು ಹಿಡಿದ ಪಿನ್, ಕ್ಲಿಪ್‌ಗಳನ್ನು ನಿಧಾನವಾಗಿ ಬಿಡಿಸಿ. ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯಿರಿ. ಹರಿದ ಕಡೆ ಸೆಲ್ಲೋಟೇಪ್ ಖಂಡಿತ ಹಾಕಬೇಡಿ, ಕೆಲವೇ ವರ್ಷಗಳಲ್ಲಿ ಕಂದು ಕಲೆಯಾಗಿ ಅಕ್ಷರವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ. ಎಷ್ಟೋ ಕುಟುಂಬಗಳು ಪ್ರೀತಿಯಿಂದ ಮಾಡಿಸಿಬಿಡುತ್ತವೆ, ಆಮೇಲೆ ಅದನ್ನು ಬಿಡಿಸಲು ಆಗುವುದಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಕವರ್‌ಗಿಂತ ಆಮ್ಲವಿಲ್ಲದ ಕಾಗದದ ಲಕೋಟೆ, ಗಟ್ಟಿ ರಟ್ಟಿನ ಪೆಟ್ಟಿಗೆ ಒಳ್ಳೆಯದು. ಪೆಟ್ಟಿಗೆ ನೆಲದ ಮೇಲೆ ಬೇಡ, ಹೊರಗೋಡೆಗೆ ತಾಗಿಸಿಯೂ ಬೇಡ. ಗೆದ್ದಲು ಅಲ್ಲಿಂದಲೇ ಬರುವುದು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆರೆದು ನೋಡಿ. ಬಟ್ಟೆಯ ಬ್ಯಾನರ್, ಬಾವುಟಗಳನ್ನು ಮಡಿಚಬೇಡಿ, ಹಳೆಯ ಹತ್ತಿ ಸೀರೆ ಸುತ್ತಿದ ಕೊಳವೆಗೆ ಸುರುಳಿ ಸುತ್ತಿಡಿ.

ಸ್ಕ್ಯಾನಿಂಗಿಗೆ ಕಾಗದವನ್ನು ಮನೆಯಿಂದ ಒಯ್ಯದೇ ಇರುವುದೇ ವಾಸಿ. ಸಣ್ಣ ಸ್ಕ್ಯಾನರ್ ತೆಗೆದುಕೊಂಡು ಹೋಗಿ ಅಲ್ಲೇ ಮುಗಿಸಿ, ಮೂಲವನ್ನು ಅವರ ಕೈಗೇ ಕೊಟ್ಟು ಬನ್ನಿ. ಒಯ್ಯಲೇಬೇಕಾದರೆ ಪ್ರತಿ ಹಾಳೆಗೂ ಲೆಕ್ಕ ಬರೆದು ರಸೀದಿ ಕೊಡಿ. ಅಕ್ಷರಕ್ಕೆ 300 ಡಿಪಿಐ, ಫೋಟೋಗೆ 600 ಡಿಪಿಐ ಸಾಕು. ಮೂಲ ಪ್ರತಿಯನ್ನು ಟಿಫ್ ಆಗಿ ಇಡಿ, ಹಂಚಲು ಜೆಪೆಗ್ ಅಥವಾ ಪಿಡಿಎಫ್. ಹಾಳೆಯ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಫೋಟೋದ ಬೆನ್ನಿಗೆ ಸ್ಟುಡಿಯೋ ಮೊಹರು, ಯಾರೋ ಪೆನ್ಸಿಲ್‌ನಲ್ಲಿ ಬರೆದ ಹೆಸರು, ಕರಪತ್ರದ ಹಿಂದೆ ಯಾರೋ ಹಾಕಿದ ಮನೆ ಖರ್ಚಿನ ಲೆಕ್ಕ ಇರುತ್ತದೆ.

2016ರ ಗಾರ್ಮೆಂಟ್ಸ್ ಹೋರಾಟದ ಕಥೆ ಬೇರೆ. ಅದರ ದಾಖಲೆ ಇರುವುದು ಒಡೆದ ಸ್ಕ್ರೀನಿನ ಹಳೆಯ ಫೋನುಗಳಲ್ಲಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿಕೊಂಡರೆ ವಿಡಿಯೋ ಕುಗ್ಗುತ್ತದೆ, ತೆಗೆದ ದಿನ, ಹೊತ್ತಿನ ಮಾಹಿತಿಯೂ ಅಳಿಸಿ ಹೋಗುತ್ತದೆ. ಕೇಬಲ್ ಹಾಕಿ ಫೋನಿನಿಂದಲೇ ಮೂಲ ಫೈಲ್ ಇಳಿಸಿಕೊಳ್ಳಿ. ಹಳೆಯ ಆಡಿಯೋ, ವಿಡಿಯೋ ಕ್ಯಾಸೆಟ್‌ಗಳಿದ್ದರೆ ಅವಕ್ಕೆ ಮೊದಲ ಸರದಿ. ಟೇಪಿಗೆ ಬೂಸ್ಟು ಹಿಡಿಯುತ್ತದೆ, ಪ್ಲೇಯರ್ ಸಿಗುವುದೂ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ.

ಹಂತ 6: ಪಟ್ಟಿ ಮಾಡುವುದು

ಬೇಸರದ ಕೆಲಸ, ಆದರೆ ಪಟ್ಟಿ ಇಲ್ಲದ ಸಂಗ್ರಹ ಇದ್ದೂ ಇಲ್ಲದ ಹಾಗೆ. ಫೈಲಿಗೆ ದಿನಾಂಕ, ಕಾರ್ಖಾನೆ, ಬಗೆ, ಸಂಖ್ಯೆ, ಈ ಕ್ರಮದಲ್ಲಿ ಹೆಸರಿಡಿ: "1981-01-14_ಐಟಿಐ_ಕರಪತ್ರ_003". ದಿನಾಂಕ ಗೊತ್ತಿಲ್ಲದಿದ್ದರೆ ಸೊನ್ನೆ ಹಾಕಿ, ಊಹಿಸಿ ಬರೆಯಬೇಡಿ. ಸ್ಪ್ರೆಡ್‌ಶೀಟ್‌ನಲ್ಲಿ ಏನು, ಯಾರಿಂದ ಬಂತು, ಯಾವಾಗ, ಒಪ್ಪಿಗೆಯ ಷರತ್ತೇನು, ಮೂಲ ಎಲ್ಲಿದೆ ಎಂಬ ಕಾಲಂಗಳಿದ್ದರೆ ಶುರುವಿಗೆ ಸಾಕು.

ಸಂಘಗಳ ಕಂಪ್ಯೂಟರಿನಲ್ಲಿ ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕಡತಗಳು ಇರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಬರೀ ಗೀಚು. ಯೂನಿಕೋಡ್‌ಗೆ ಬದಲಿಸಿ ಇಡಿ, ಮೂಲವನ್ನೂ ಉಳಿಸಿ. ಸಂದರ್ಶನಗಳನ್ನು ಬರಹಕ್ಕಿಳಿಸುವಾಗ ಅವರ ಮಾತನ್ನು ಗ್ರಾಂಥಿಕ ಕನ್ನಡ ಮಾಡಬೇಡಿ. "ಮೇಸ್ತ್ರಿ ಬಂದ, ಮಿಸಿನ್ ನಿಲ್ಸು ಅಂದ" ಎಂದಿದ್ದರೆ ಹಾಗೇ ಇರಲಿ. ಐದೈದು ನಿಮಿಷಕ್ಕೊಮ್ಮೆ ಹೊತ್ತು ನಮೂದಿಸಿ, ಬೇಕಾದ ಜಾಗ ಬೇಗ ಸಿಗುತ್ತದೆ.

ಹಂತ 7: ತಾಳೆ ನೋಡುವುದು

ನೆನಪು ದಿನಾಂಕವನ್ನು ಹಿಂದೆಮುಂದೆ ಮಾಡುತ್ತದೆ. ಎರಡು ಮುಷ್ಕರಗಳನ್ನು ಒಂದು ಮಾಡುತ್ತದೆ. ಹಾಗೆಂದು ಅದನ್ನು ಸುಳ್ಳು ಎನ್ನಬೇಡಿ. ಪತ್ರಿಕೆಯ ಸುದ್ದಿಯಲ್ಲೂ ಪೊಲೀಸರು ಹೇಳಿದ ಸಂಖ್ಯೆ ಒಂದು, ಸಂಘ ಹೇಳಿದ್ದು ಇನ್ನೊಂದು ಇರುತ್ತದೆ. ಎರಡನ್ನೂ ಬರೆಯಿರಿ, ಯಾರು ಹೇಳಿದ್ದು ಎಂದೂ ಬರೆಯಿರಿ. ದಿನಾಂಕ ಹಿಡಿಯಲು ಹಬ್ಬ, ಮದುವೆ, ಮಗು ಹುಟ್ಟಿದ್ದು, ಚುನಾವಣೆ ನೆರವಿಗೆ ಬರುತ್ತವೆ.

ಸೋಲನ್ನು ಸೋಲು ಎಂದೇ ಬರೆಯುವ ಧೈರ್ಯ ಬೇಕು. 77 ದಿನದ ಮುಷ್ಕರ ಮುಖ್ಯ ಬೇಡಿಕೆ ಈಡೇರದೆ ಮುಗಿಯಿತು. ಅದನ್ನು ಮುಚ್ಚಿ "ಐತಿಹಾಸಿಕ ವಿಜಯ" ಎಂದು ಬರೆದರೆ, ಆಮೇಲಿನ ವರ್ಷಗಳಲ್ಲಿ ಆ ಮನೆಗಳು ತೀರಿಸಿದ ಸಾಲಕ್ಕೆ ಅರ್ಥವೇ ಇಲ್ಲದಂತಾಗುತ್ತದೆ. ಸಂಘಗಳ ನಡುವಿನ ಜಗಳ, ಜಾತಿಯ ವಿಷಯ, ಹೆಣ್ಣುಮಕ್ಕಳನ್ನು ಸಮಿತಿಯಿಂದ ಹೊರಗಿಟ್ಟದ್ದು, ಇವನ್ನೂ ಬಿಡಬೇಡಿ.

ಹಂತ 8: ಯಾರಿಗೂ ತೊಂದರೆ ಆಗಬಾರದು

ನಿವೃತ್ತರಿಗೆ ಭಯ ಕಮ್ಮಿ. ಈಗಲೂ ದುಡಿಯುತ್ತಿರುವವರ ಸ್ಥಿತಿ ಹಾಗಿಲ್ಲ. 2016ರಲ್ಲಿ ಕಲ್ಲುತೂರಾಟ, ಬೆಂಕಿ, ಲಾಠಿ ಪ್ರಹಾರ ಎಲ್ಲ ನಡೆದು, ಬಂಧನಗಳೂ ಆದವು. ಆ ವಿಡಿಯೋಗಳಲ್ಲಿ ಮುಖ ಕಾಣುವವರಿಗೆ ಇವತ್ತೂ ಕೆಲಸ ಹೋಗಬಹುದು, ಕೇಸು ಆಗಬಹುದು. ಹಂಚುವ ಪ್ರತಿಯಲ್ಲಿ ಮುಖ ಮಸುಕು ಮಾಡಿ, ದನಿ ಗುರುತಾಗುವ ಹಾಗಿದ್ದರೆ ಬರಹ ಮಾತ್ರ ಕೊಡಿ, ಫ್ಯಾಕ್ಟರಿಯ ಹೆಸರು, ಬ್ಯಾಚು, ಬಾಡಿಗೆ ಮನೆಯ ಬೀದಿ ತೆಗೆಯಿರಿ. ಮೂಲ ಫೈಲಿಗೆ ಪಾಸ್‌ವರ್ಡ್ ಹಾಕಿ ಬೇರೆಯಾಗಿ ಇಡಿ.

ಹಕ್ಕುಸ್ವಾಮ್ಯವನ್ನೂ ನೋಡಿಕೊಳ್ಳಿ. 1957ರ ಕಾಯ್ದೆಯಂತೆ ಫೋಟೋ ಪ್ರಕಟವಾದ ಮೇಲೆ 60 ವರ್ಷ ಹಕ್ಕು ಇರುತ್ತದೆ. ಪತ್ರಿಕೆಯ ಪುಟವನ್ನು ಇಡಿಯಾಗಿ ಅಂತರ್ಜಾಲಕ್ಕೆ ಹಾಕುವ ಹಾಗಿಲ್ಲ. ದಿನಾಂಕ, ಪುಟ ಸಂಖ್ಯೆ ಕೊಟ್ಟು ಸಾರಾಂಶ ಬರೆಯಬಹುದು. ಕೋರ್ಟಿನ ತೀರ್ಪುಗಳಿಗೆ, ಕೋರ್ಟೇ ತಡೆದಿರದಿದ್ದರೆ, ಈ ತೊಡಕಿಲ್ಲ.

ಹಂತ 9: ಎಲ್ಲಿ ಇಡುವುದು

ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಹಾರ್ಡ್ ಡಿಸ್ಕ್ ಒಂದನ್ನೇ ನಂಬಬೇಡಿ, ಐದು ವರ್ಷಕ್ಕೊಮ್ಮೆ ಬದಲಿಸಿ. ಎಲ್ಲರಿಗೂ ತೆರೆದಿಡಬಹುದಾದ್ದನ್ನು ಇಂಟರ್ನೆಟ್ ಆರ್ಕೈವ್‌ಗೆ ಹಾಕಬಹುದು. ನೋಯ್ಡಾದ ವಿ.ವಿ. ಗಿರಿ ರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ ಭಾರತದ ಕಾರ್ಮಿಕರ ಪತ್ರಾಗಾರವೇ ಇದೆ. ದೊಡ್ಡ ಸಂಗ್ರಹವಾದರೆ ಅವರನ್ನು ಸಂಪರ್ಕಿಸಿ. ಮೂಲ ಕಾಗದಗಳನ್ನು ಯಾವುದೇ ಸಂಸ್ಥೆಗೆ ಕೊಡುವ ಮೊದಲು ಕುಟುಂಬದ ಒಪ್ಪಿಗೆ ಬರಹದಲ್ಲಿರಲಿ. ಕಾರ್ಮಿಕರ ಮಕ್ಕಳು ಬಂದು ಕೇಳಿದರೆ ಪುಕ್ಕಟೆ ನೋಡಲು ಬಿಡಬೇಕು ಎಂಬ ಷರತ್ತು ಹಾಕಿ.

ಹಂತ 10: ಹಂಚುವುದು

ಮೊದಲು ಹೋಗಬೇಕಾದ್ದು ಮಾತು ಕೊಟ್ಟವರ ಮನೆಗೆ. ಫೋಟೋದ ದೊಡ್ಡ ಪ್ರಿಂಟ್, ರೆಕಾರ್ಡಿಂಗ್ ಇರುವ ಪೆನ್‌ಡ್ರೈವ್, ಬರಹದ ಪ್ರತಿ. ಪುಸ್ತಕವೋ ಸೆಮಿನಾರೋ ಆಮೇಲೆ.

ಪ್ರದರ್ಶನವನ್ನು ಗ್ಯಾಲರಿಯಲ್ಲಿ ಮಾಡುವ ಬದಲು ಬಡಾವಣೆಯಲ್ಲೇ ಮಾಡಿ. ಶ್ರೀರಾಮಪುರದ ಒಂದು ಸಮುದಾಯ ಭವನ, ದೂರವಾಣಿನಗರ ಅಥವಾ ಜಾಲಹಳ್ಳಿಯ ಕನ್ನಡ ಸಂಘದ ಸಭಾಂಗಣ, ಮೇ ದಿನದ ಸಭೆಯ ಪಕ್ಕದಲ್ಲಿ ಒಂದು ಶಾಮಿಯಾನ. ಫೋಟೋಗಳ ಕೆಳಗೆ ಖಾಲಿ ಚೀಟಿ, ಪೆನ್ನು ಇಡಿ. ಬಂದವರು "ಇವರು ನಮ್ಮ ಚಿಕ್ಕಪ್ಪ, ವೀವಿಂಗ್‌ನಲ್ಲಿದ್ರು" ಎಂದು ಬರೆದು ಹೋಗುತ್ತಾರೆ. ನಿಮ್ಮ ಪಟ್ಟಿಯ ಖಾಲಿ ಜಾಗಗಳು ತುಂಬುವುದು ಹೀಗೆ.

ನಡಿಗೆ ಮಾಡುವುದಾದರೆ ಸಂಪಿಗೆ ರಸ್ತೆಯ ಹಳೆಯ ರಾಜಾ ಮಿಲ್ ಜಾಗದಿಂದ ಶುರು ಮಾಡಿ, ಶ್ರೀರಾಮಪುರ, ಓಕಳಿಪುರ ದಾಟಿ, ಮಾಗಡಿ ರಸ್ತೆಯ ಮಿನರ್ವ ಮಿಲ್ ಕಡೆಯಿಂದ ಬಿನ್ನಿಪೇಟೆಗೆ ಬರಬಹುದು. ಒಂದು ಬೆಳಗ್ಗೆ ಸಾಕು. ಮಿಲ್ಲುಗಳ ಜೊತೆ ಕಾರ್ಮಿಕರ ವಠಾರ, ನಲ್ಲಿ, ಗಿರವಿ ಅಂಗಡಿ, ಸಿನಿಮಾ ಟಾಕೀಸು ಇದ್ದ ಜಾಗಗಳನ್ನೂ ತೋರಿಸಿ. ಮಾತಾಡುವವರು ಅಲ್ಲಿ ದುಡಿದವರೇ ಆಗಿರಲಿ, ಅವರಿಗೆ ಗೌರವಧನ ಕೊಡಿ. ಫ್ರೀಡಂ ಪಾರ್ಕ್, ಬನ್ನಪ್ಪ ಪಾರ್ಕ್‌ಗಳಿಗೆ ಇನ್ನೊಂದು ನಡಿಗೆ ಮಾಡಬಹುದು. ಬನ್ನಪ್ಪ ಪಾರ್ಕಿನಿಂದ ಎಷ್ಟೋ ಮೆರವಣಿಗೆಗಳು ಹೊರಟಿವೆ. ಫ್ರೀಡಂ ಪಾರ್ಕ್ ಮೊದಲು ಸೆಂಟ್ರಲ್ ಜೈಲ್ ಆಗಿತ್ತು, ಈಗ ನಗರದ ಪ್ರತಿಭಟನೆಗಳಿಗೆಲ್ಲ ಅದೊಂದೇ ಜಾಗ ಎಂದಾಗಿದೆ. ಬೀದಿಯೆಲ್ಲ ಹೋರಾಟದ ಜಾಗವಾಗಿದ್ದ ನಗರ ಇಲ್ಲಿಗೆ ಬಂದು ನಿಂತದ್ದು ಹೇಗೆ ಎಂದು ಎಳೆಯರಿಗೆ ಅಲ್ಲೇ ನಿಂತು ಹೇಳಬೇಕು.

ಗಾರ್ಮೆಂಟ್ಸ್, ಪೌರಕಾರ್ಮಿಕ ಹೆಂಗಸರಿಗೆ ತಲುಪಲು ಮೂರು ನಿಮಿಷದ ಆಡಿಯೋ ತುಣುಕು ಒಳ್ಳೆಯ ದಾರಿ. ಬಸ್ಸಿನಲ್ಲಿ, ಅಡುಗೆ ಮಾಡುವಾಗ ಕೇಳುತ್ತಾರೆ, ಮುಂದಕ್ಕೆ ಕಳಿಸುತ್ತಾರೆ. ಕನ್ನಡ ವಿಕಿಪೀಡಿಯಾದಲ್ಲಿ ಆ ಮುಷ್ಕರದ ಬಗ್ಗೆ ಲೇಖನ ಬರೆಯಿರಿ. ನೀವೇ ಮಾಡಿದ ಸಂದರ್ಶನವನ್ನು ಅಲ್ಲಿ ಆಧಾರವಾಗಿ ಒಪ್ಪುವುದಿಲ್ಲ, ಹಂತ 2ರಲ್ಲಿ ಹುಡುಕಿದ ಪತ್ರಿಕೆಗಳ ದಿನಾಂಕಗಳು ಅಲ್ಲಿ ಕೆಲಸಕ್ಕೆ ಬರುತ್ತವೆ.

ಹಂತ 11: ನಿಮ್ಮ ನಂತರ ಯಾರು

ಒಬ್ಬರ ಉತ್ಸಾಹದಿಂದ ಶುರುವಾದ ಸಂಗ್ರಹ ಆ ಒಬ್ಬರ ಜೊತೆಗೇ ಹೋಗುವುದುಂಟು. ಶುರುವಿನಲ್ಲೇ ಇಬ್ಬರನ್ನು ಗೊತ್ತು ಮಾಡಿ, ಅವರಲ್ಲಿ ಒಬ್ಬರು ಕಾರ್ಮಿಕ ಕುಟುಂಬದ ಎಳೆಯರಾಗಿರಲಿ. ಪೆಟ್ಟಿಗೆಗಳು ಎಲ್ಲಿವೆ, ಹಾರ್ಡ್ ಡಿಸ್ಕ್‌ಗಳು ಯಾರ ಹತ್ತಿರ, ಪಾಸ್‌ವರ್ಡ್ ಏನು, ಯಾವ ಸಂದರ್ಶನವನ್ನು ಯಾವ ವರ್ಷದವರೆಗೆ ತೆರೆಯಬಾರದು, ಯಾರಿಗೆ ಯಾವ ಮೂಲ ಕಾಗದ ವಾಪಸ್ ಕೊಡುವುದು ಬಾಕಿ ಇದೆ, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಆ ಇಬ್ಬರಿಗೂ ಕೊಡಿ. ವರ್ಷಕ್ಕೊಮ್ಮೆ, ಮೇ ದಿನದ ಹಿಂದಿನ ವಾರ ಎಂದು ಇಟ್ಟುಕೊಂಡರೆ ನೆನಪಿರುತ್ತದೆ, ಮೂವರೂ ಕೂತು ಪೆಟ್ಟಿಗೆ ತೆರೆದು, ಫೈಲುಗಳು ತೆರೆದುಕೊಳ್ಳುತ್ತವೆಯೇ ನೋಡಿ, ಹಾಳೆಯನ್ನು ಹೊಸದಾಗಿ ಬರೆದು ದಿನಾಂಕ ಹಾಕಿ ಸಹಿ ಮಾಡಿ.